ಆಟಿಕೆ ಬಂದೂಕಿನ ಲೇಸರ್: ಕಣ್ಣು ಜೋಪಾನ

ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಬಂದೂಕಿಗೆ ಗುರಿ ತೋರಿಸುವ ಲೇಸರ್ ಬೇಕೆಂದು ನಿಮ್ಮ ಮಗ ಹಟ ಹಿಡಿದಿದ್ದಾನೆಯೇ? ಕೊಳ್ಳುವ ಮೊದಲು ಇದನ್ನು ಓದಿ.

ಬಲ್ಬಿನ ಬೆಳಕು ಸುತ್ತಲೂ ಚದುರುತ್ತದೆ. ಲೇಸರ್ ಕಿರಣ ಹಾಗಲ್ಲ. ಕಣ್ಣಿನ ಮಸೂರವು ಅದನ್ನು ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟು ಜಾಗದಲ್ಲಿ ಕೇಂದ್ರೀಕರಿಸುತ್ತದೆ. ಕಿರಣ ಪ್ರಬಲವಾಗಿದ್ದರೆ, ಭೂತಗನ್ನಡಿಯಿಂದ ಕಾಗದ ಸುಟ್ಟಂತೆ ಅಲ್ಲಿ ಗಾಯವಾಗುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯದು. ಆದ್ದರಿಂದ ಮಗು ಅಳುವುದಿಲ್ಲ, ಮನೆಯವರಿಗೆ ಗೊತ್ತಾಗುವುದಿಲ್ಲ.

ಕೊಳ್ಳಲೇಬೇಕೆಂದರೆ ‘ಕ್ಲಾಸ್ 2’, ಅಂದರೆ 1 ಮಿಲಿವಾಟ್ ಮೀರದ್ದು ಎಂಬ ಚೀಟಿ ನೋಡಿ. ಇಂಥ ಕಿರಣ ಅಕಸ್ಮಾತ್ ತಗುಲಿದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿ ಕಣ್ಣನ್ನು ಕಾಪಾಡುತ್ತದೆ. ಬೇಕೆಂದೇ ದಿಟ್ಟಿಸಿ ನೋಡಿದರೆ ಈ ರಕ್ಷಣೆಯಿಲ್ಲ. ಚೀಟಿಯಿಲ್ಲದ ಅಗ್ಗದ ಮಾಲು ಬೇಡ. ಅಗ್ಗದ ಕೆಲವು ಹಸಿರು ಲೇಸರ್‌ಗಳಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣವೂ ಸೋರುತ್ತದೆ. ಕಾಣದ ಕಿರಣಕ್ಕೆ ರೆಪ್ಪೆ ಮುಚ್ಚುವುದಿಲ್ಲ. ಗುಂಡು ತಡೆಯುವ ಸಾದಾ ರಕ್ಷಣಾ ಕನ್ನಡಕ ಲೇಸರನ್ನು ತಡೆಯದು ಎಂಬುದೂ ನೆನಪಿರಲಿ. ಚಿಕ್ಕ ಮಕ್ಕಳಿಗಂತೂ ಲೇಸರ್ ಕೊಡಲೇಬೇಡಿ.

ಕಣ್ಣಿಗೆ ಕಿರಣ ಬಿದ್ದಿದೆ ಎಂಬ ಅನುಮಾನವಿದ್ದರೆ ಒಂದೊಂದೇ ಕಣ್ಣು ಮುಚ್ಚಿಸಿ ಈ ಪತ್ರಿಕೆಯನ್ನು ಓದಿಸಿ. ಅಕ್ಷರದ ನಡುವೆ ಮಬ್ಬು ಚುಕ್ಕೆ ಕಂಡರೆ, ಸಾಲು ಸೊಟ್ಟಗೆ ಕಂಡರೆ ಅಂದೇ ನೇತ್ರತಜ್ಞರಿಗೆ ತೋರಿಸಿ. ಸರಿಯಾಗಿ ಓದಿದರೂ ಒಮ್ಮೆ ಪರೀಕ್ಷೆ ಮಾಡಿಸುವುದು ಕ್ಷೇಮ. ಅಕ್ಷಿಪಟಲದ ಗಾಯ ಕೆಲವರಲ್ಲಿ ತಾನಾಗಿ ಸುಧಾರಿಸಬಹುದು, ಕೆಲವರಲ್ಲಿ ದೃಷ್ಟಿದೋಷ ಶಾಶ್ವತವಾಗಿ ಉಳಿಯುತ್ತದೆ.