ಕಿಲೋಮೀಟರಿನ ಕೂಲಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳು ಬೇಸಾಯವನ್ನು ನೆಚ್ಚಿದ ಸೀಮೆಗಳು. ಕಾವೇರಿಯ ನಾಲೆಗಳ ನೀರುಂಡ ಕೃಷ್ಣರಾಜನಗರದ ಗದ್ದೆಗಳಲ್ಲಿ ಭತ್ತ ಬೆಳೆಯುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ನೆಲದಲ್ಲಿ ಹೊಗೆಸೊಪ್ಪು ಹುಲುಸಾಗಿ ಬರುತ್ತದೆ. ಹೆಗ್ಗಡದೇವನಕೋಟೆಯ ಕಡೆ ಹತ್ತಿ, ರಾಗಿ, ಶುಂಠಿಗಳು ಬೆಳೆಯುತ್ತವೆ. ಹೊಲದಲ್ಲಿ ಬೆಳೆದುದು ದೂರದ ಊರುಗಳನ್ನು ಸೇರಿದಾಗಲೇ ರೈತನ ಕೈಗೆ ನಾಲ್ಕು ಕಾಸು ಬರುವುದು. ಸೇರಿಸುವವನು ಲಾರಿಯ ಚಾಲಕ. ಬೆಳೆದವನ ಶ್ರಮ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಾಗಿಸುವವನ ಶ್ರಮ ರಸ್ತೆಯ ಧೂಳಿನಲ್ಲಿ ಮರೆಯಾಗುತ್ತದೆ. ಆ ಶ್ರಮಕ್ಕೆ ಕೂಲಿಯನ್ನು ಅಳೆಯುವ ಬಗೆ ಯಾವುದು? ಆ ಅಳತೆ ನ್ಯಾಯವಾದುದೆ? ಇದು ವಿಚಾರ ಮಾಡತಕ್ಕ ವಿಷಯ.

ಚಾಲಕನಿಗೆ ಕೂಲಿ ಕೊಡುವ ಕ್ರಮಗಳು ಹಲವಿವೆ. ತಿಂಗಳಿಗೆ ಇಂತಿಷ್ಟು ಸಂಬಳವೆಂದು ಗೊತ್ತುಮಾಡಿ, ಪ್ರಯಾಣದ ದಿನಗಳಲ್ಲಿ ಊಟತಿಂಡಿಗೆಂದು ಭತ್ಯೆ ಕೊಡುವುದು ಒಂದು ಕ್ರಮ. ಈ ಭತ್ಯೆಯನ್ನು ಆಡುಮಾತಿನಲ್ಲಿ ಬಾಟಾ ಎನ್ನುತ್ತಾರೆ. ಒಂದು ಪ್ರಯಾಣಕ್ಕೆ ಇಷ್ಟು ಹಣವೆಂದು ಒಟ್ಟಾಗಿ ಕೊಟ್ಟು, ಡೀಸೆಲ್ ಮತ್ತು ದಾರಿಖರ್ಚು ಕಳೆದು ಉಳಿದುದು ಚಾಲಕನಿಗೆ ಸೇರಲಿ ಎನ್ನುವುದು ಮತ್ತೊಂದು. ಲಾರಿ ಓಡಿದ ಪ್ರತಿ ಕಿಲೋಮೀಟರಿಗೂ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುವುದು ಮೂರನೆಯದು. ಇದೇ ಕಿಲೋಮೀಟರಿನ ಕೂಲಿ. ಕೆಲವೆಡೆ ಸಣ್ಣ ಸಂಬಳದ ಜೊತೆಗೆ ಇದನ್ನು ಸೇರಿಸಿ ಕೊಡುವುದೂ ಉಂಟು.

ಈ ಕ್ರಮ ಬಳಕೆಗೆ ಬಂದುದಕ್ಕೆ ಕಾರಣವಿದೆ. ಗದ್ದೆಯಲ್ಲಿ ದುಡಿಯುವವನ ಕೆಲಸವನ್ನು ಒಡೆಯನು ಬದುವಿನ ಮೇಲೆ ನಿಂತು ನೋಡಬಲ್ಲ. ಲಾರಿಯ ಮಾಲೀಕನಿಗೆ ಆ ಅನುಕೂಲವಿಲ್ಲ. ಲಾರಿ ಊರ ಗಡಿ ದಾಟಿದ ಮೇಲೆ ಚಾಲಕ ಓಡಿಸುತ್ತಿದ್ದಾನೆಯೋ, ಮರದ ನೆರಳಿನಲ್ಲಿ ಮಲಗಿದ್ದಾನೆಯೋ ಮನೆಯಲ್ಲಿ ಕುಳಿತವನಿಗೆ ಕಾಣುವುದು ಹೇಗೆ? ಈಗ ಉಪಗ್ರಹದ ನೆರವಿನಿಂದ ಲಾರಿಯ ಜಾಡನ್ನು ಹಿಡಿಯುವ ಉಪಕರಣಗಳು ಬಂದಿವೆ. ಹಿಂದೆ ಅವು ಇರಲಿಲ್ಲ. ದೂರವಾದರೋ ಸುಳ್ಳು ಹೇಳದು. ಚಾಲಕನ ಮುಂದಿರುವ ಮೀಟರಿನ ಅಂಕಿಯನ್ನು ಹೊರಡುವಾಗ ಒಮ್ಮೆ, ಬಂದಾಗ ಒಮ್ಮೆ ಬರೆದುಕೊಂಡು ಕಳೆದರೆ ಓಡಿದ ದೂರ ಸಿಕ್ಕುತ್ತದೆ. ಮಾಲೀಕನಿಗೆ ಬಾಡಿಗೆ ಬರುವುದೂ ಲಾರಿ ಓಡಿದಾಗಲೇ. ಹೆಚ್ಚು ಓಡಿಸಿದ ಚಾಲಕನಿಗೆ ಹೆಚ್ಚು ಕೂಲಿ ದೊರೆಯುವುದರಿಂದ ದಕ್ಷನಾದವನಿಗೆ ಉತ್ಸಾಹವೂ ಉಂಟಾಗುತ್ತದೆ.

ಇಷ್ಟು ಸರಳವಾದ ಅಳತೆಯಲ್ಲಿಯೂ ತೊಡಕಿದೆ. ಅಮೆರಿಕ ದೇಶದಲ್ಲಿ ದೂರದ ಊರುಗಳಿಗೆ ಸರಕು ಒಯ್ಯುವ ಚಾಲಕರಿಗೆ ಮೈಲಿಯ ಲೆಕ್ಕದಲ್ಲಿ ಕೂಲಿ ಕೊಡುವ ವಾಡಿಕೆ ವ್ಯಾಪಕವಾಗಿದೆ. ಅಲ್ಲಿ ಹಲವು ಸಂಸ್ಥೆಗಳು ಮೀಟರಿನ ಅಂಕಿಯನ್ನು ಗಣಿಸದೆ, ಊರಿಂದೂರಿಗೆ ಇಷ್ಟು ದೂರ ಎಂದು ಮೊದಲೇ ಸಿದ್ಧಪಡಿಸಿದ ಪಟ್ಟಿಯನ್ನು ಅನುಸರಿಸುತ್ತವೆ. ದಾರಿ ತಪ್ಪಿ ಸುತ್ತಿದರೆ, ಊರೊಳಗೆ ಗೋದಾಮು ಹುಡುಕಿ ಅಲೆದರೆ ಆ ದೂರ ಲೆಕ್ಕಕ್ಕೆ ಬರುವುದಿಲ್ಲ. ನಿಗದಿತ ಅವಧಿಯನ್ನು ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂದು ಆ ದೇಶದ 1938ರ ಕಾರ್ಮಿಕ ಕಾಯಿದೆ ವಿಧಿಸಿತು. ಆದರೆ ರಾಜ್ಯ ರಾಜ್ಯಗಳ ನಡುವೆ ಸರಕು ಸಾಗಿಸುವ ಚಾಲಕರನ್ನು ಆ ಸೌಲಭ್ಯದಿಂದ ಹೊರಗಿಟ್ಟಿತು.

ಕಿಲೋಮೀಟರಿನ ಕೂಲಿಯ ಗುಣದೋಷಗಳನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹುಣಸೂರಿನಿಂದ ಬೆಂಗಳೂರಿಗೆ ಹೋಗಿಬರುವ ದಾರಿಯನ್ನು, ಲೆಕ್ಕದ ಸೌಕರ್ಯಕ್ಕಾಗಿ, 400 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಕಿಲೋಮೀಟರಿಗೆ 4 ರೂಪಾಯಿಯಂತೆ ಕೂಲಿ ಎಂದು ಭಾವಿಸೋಣ. ಚಾಲಕನಿಗೆ 1600 ರೂಪಾಯಿ ಸಲ್ಲುತ್ತದೆ. ಸರಕು ಕೂಡಲೇ ಇಳಿದು ಎರಡು ದಿನಗಳಲ್ಲಿ ಅವನು ಹಿಂದಿರುಗಿದರೆ ದಿನಕ್ಕೆ 800 ರೂಪಾಯಿ ದೊರೆತಂತಾಯಿತು. ಗೋದಾಮಿನ ಮುಂದೆ ಲಾರಿಗಳು ಸಾಲುಗಟ್ಟಿವೆ, ಹಮಾಲರು ಬಂದಿಲ್ಲ, ಕಾಗದಪತ್ರಕ್ಕೆ ಸಹಿಯಾಗಿಲ್ಲ ಎಂಬ ಕಾರಣಗಳಿಂದ ಅದೇ ಪ್ರಯಾಣ ನಾಲ್ಕು ದಿನ ಹಿಡಿಯಿತೆನ್ನೋಣ. ಆಗ ದಿನಕ್ಕೆ ಬೀಳುವುದು 400 ರೂಪಾಯಿ ಮಾತ್ರ. ದೂರ ಒಂದೇ, ದರ ಒಂದೇ, ಕೂಲಿ ಅರ್ಧವಾಯಿತು. ತಡವಾದುದು ಚಾಲಕನ ತಪ್ಪಿನಿಂದಲ್ಲ. ಆ ಎರಡು ದಿನವೂ ಅವನು ಸರಕನ್ನು ಕಾಯುತ್ತಿದ್ದನೇ ಹೊರತು ಮನೆಯಲ್ಲಿ ಇರಲಿಲ್ಲ. ಗಾಲಿ ತಿರುಗಲಿಲ್ಲವಾದ್ದರಿಂದ ಅವನ ಕಾವಲು ಲೆಕ್ಕಕ್ಕೆ ಬರಲಿಲ್ಲ.

ಎಲ್ಲ ಕಿಲೋಮೀಟರುಗಳೂ ಸಮವಲ್ಲವೆಂಬುದನ್ನೂ ಗಮನಿಸಬೇಕು. ಮೈಸೂರಿನಿಂದ ಬೆಂಗಳೂರಿಗೆ ಅಗಲವಾದ ಹೆದ್ದಾರಿಯಿದೆ. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಮಡಿಕೇರಿಯ ಮೂಲಕ ಮಂಗಳೂರಿನತ್ತ ಹೋಗುವ ಲಾರಿ ಸಂಪಾಜೆಯ ಘಟ್ಟವನ್ನು ಇಳಿಯಬೇಕು. ಮಳೆಗಾಲದ ಮಂಜಿನಲ್ಲಿ, ಒಂದರ ಹಿಂದೊಂದು ಬರುವ ತಿರುವುಗಳಲ್ಲಿ ಚಾಲಕ ಉಸಿರು ಬಿಗಿಹಿಡಿದು ನಡೆಸುವ ಒಂದು ಕಿಲೋಮೀಟರಿಗೂ ಬಯಲಿನ ಒಂದು ಕಿಲೋಮೀಟರಿಗೂ ಒಂದೇ ದರವಾದರೆ, ಕಷ್ಟದ ದಾರಿಗೆ ಕಡಮೆ ಕೂಲಿ ಎಂದೇ ಅರ್ಥ. ಹೆಗ್ಗಡದೇವನಕೋಟೆಯಿಂದ ಬಾವಲಿಯ ಮೂಲಕ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆಯ ಕಾಡನ್ನು ಹಾದುಹೋಗುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ ಅಲ್ಲಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ವಾಹನಗಳಿಗೆ ಪ್ರವೇಶವಿಲ್ಲ. ಆನೆಗಳ ಹಾದಿಯನ್ನು ಇರುಳಿನಲ್ಲಿ ತೆರವಾಗಿ ಬಿಡುವುದು ಸರಿಯಾದ ನಿಯಮವೇ. ಆದರೆ ಐದು ನಿಮಿಷ ತಡವಾಗಿ ಬಂದ ಚಾಲಕ ರಾತ್ರಿಯೆಲ್ಲ ಗೇಟಿನ ಬಳಿ ಕಳೆಯಬೇಕು. ಆ ಹನ್ನೆರಡು ಗಂಟೆಗಳಲ್ಲಿ ಅವನ ಮೀಟರು ಒಂದಂಕಿಯೂ ಮುಂದೆ ಸರಿಯದು.

ಇದರಿಂದ ಒದಗುವ ಕೇಡು ಹಣದ ನಷ್ಟಕ್ಕಿಂತ ದೊಡ್ಡದು. ಕಾದು ಕಳೆದುಕೊಂಡ ಹೊತ್ತನ್ನು ಚಾಲಕ ರಸ್ತೆಯಲ್ಲಿ ತುಂಬಿಕೊಳ್ಳಲು ಯತ್ನಿಸುತ್ತಾನೆ. ನಿದ್ದೆಯನ್ನು ಬಿಡುತ್ತಾನೆ, ವೇಗವನ್ನು ಹೆಚ್ಚಿಸುತ್ತಾನೆ. ಮನೆಯಲ್ಲಿ ಮಕ್ಕಳ ಶಾಲೆಯ ಖರ್ಚು, ವಾರದ ಸಂತೆ, ಸಾಲದ ಕಂತು ನೆನಪಾಗುತ್ತಿರುವವನಿಗೆ ನಿದ್ದೆ ದುಬಾರಿಯಾಗಿ ತೋರುತ್ತದೆ. ಕಣ್ಣು ಒಂದು ಕ್ಷಣ ಮುಚ್ಚಿದರೆ ಅಪಾಯಕ್ಕೆ ಗುರಿಯಾಗುವವನು ಅವನೊಬ್ಬನೇ ಅಲ್ಲ. ಎದುರಿಗೆ ಬರುವ ಬಸ್ಸಿನ ಪ್ರಯಾಣಿಕರೂ ರಸ್ತೆಯ ಅಂಚಿನಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಹೋಗುವ ರೈತನೂ ಅದಕ್ಕೆ ಗುರಿಯಾಗುತ್ತಾರೆ.

ಇದನ್ನು ಮನಗಂಡು ಕಾನೂನುಗಳು ಹುಟ್ಟಿವೆ. ನಮ್ಮ ದೇಶದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ಹಾಕಿತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ಹತ್ತು ಗಂಟೆಯವರೆಗೆ ದುಡಿಸಲು ಅವಕಾಶವಿತ್ತು. ಸರಕು ತುಂಬುವ, ಇಳಿಸುವ, ವಾಹನವನ್ನು ದುರಸ್ತಿ ಮಾಡುವ ಹೊತ್ತನ್ನೂ ಆ ಕಾಯಿದೆ ದುಡಿಮೆಯೆಂದೇ ಎಣಿಸಿತು. ಆದರೆ ಐವರು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಒಂದೆರಡು ಲಾರಿಗಳ ಮಾಲೀಕರ ಬಳಿ ದುಡಿಯುವವರಿಗೆ ಅದರ ನೆರಳು ಸಿಗುತ್ತಿರಲಿಲ್ಲ. ಮುಂದೆ 2020ರ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯಿದೆಯನ್ನು ವಿಲೀನಗೊಳಿಸಲಾಯಿತು. ಯುರೋಪಿನ ಒಕ್ಕೂಟ 2006ರಲ್ಲಿ ಇನ್ನೂ ನೇರವಾದ ನಿಯಮವನ್ನು ಮಾಡಿತು. ರಸ್ತೆಯ ಸುರಕ್ಷತೆಗೆ ಧಕ್ಕೆ ತರುವಂತಿದ್ದರೆ, ಓಡಿದ ದೂರವನ್ನಾಗಲಿ ಹೊತ್ತ ಸರಕನ್ನಾಗಲಿ ಆಧರಿಸಿ ಚಾಲಕನಿಗೆ ಹಣ ಕೊಡಕೂಡದೆಂದು ಅದು ವಿಧಿಸಿತು.

ಹಾಗೆಂದು ಕಿಲೋಮೀಟರಿನ ಕೂಲಿಯನ್ನು ಪೂರ್ತಿಯಾಗಿ ತಳ್ಳಿಹಾಕಬೇಕಾಗಿಲ್ಲ. ಅದರ ಕೊರತೆಯನ್ನು ತುಂಬುವ ಉಪಾಯಗಳಿವೆ. ಲಾರಿ ಓಡಲಿ, ನಿಲ್ಲಲಿ, ದಿನಕ್ಕೆ ಇಷ್ಟು ಎಂಬ ಕನಿಷ್ಠ ಕೂಲಿಯನ್ನು ಗೊತ್ತುಮಾಡಬಹುದು. ಸರಕು ತುಂಬಲು, ಇಳಿಸಲು ಕೆಲವು ಗಂಟೆಗಳನ್ನು ಬಿಟ್ಟು, ಅದಕ್ಕೆ ಮೀರಿದ ಕಾಯುವಿಕೆಗೆ ಪ್ರತ್ಯೇಕ ಹಣ ಕೊಡಬಹುದು. ಘಟ್ಟದ ದಾರಿಗೆ ಹೆಚ್ಚಿನ ದರ ನಿಗದಿ ಮಾಡಬಹುದು. ಬರಿದಾಗಿ ಹಿಂದಿರುಗುವ ಕಿಲೋಮೀಟರುಗಳಿಗೂ ಪೂರ್ಣ ಕೂಲಿ ಸಲ್ಲಿಸಬಹುದು. ಕಾಯುವಿಕೆಗೆ ಬೆಲೆ ಕಟ್ಟಿದರೆ ಸರಕಿನ ಒಡೆಯರೂ ಬೇಗ ಇಳಿಸಿಕೊಳ್ಳಲು ಮುಂದಾಗುತ್ತಾರೆ. ಹಣ ಕೊಡಬೇಕಾಗದ ಹೊತ್ತನ್ನು ಪೋಲು ಮಾಡಲು ಯಾರೂ ಹಿಂಜರಿಯುವುದಿಲ್ಲ.

ರೈತ ಮಳೆಗಾಗಿ ಕಾಯುವುದು ಬೇಸಾಯದ ಭಾಗ. ಹಾಗೆಯೇ ಚಾಲಕ ಸರಕಿಗಾಗಿ ಕಾಯುವುದು ಸಾಗಣೆಯ ಭಾಗ. ಹುಣಸೂರಿನ ಹೆದ್ದಾರಿಯ ಬದಿಯಲ್ಲಿ ತುಂಬಿದ ಲಾರಿಯೊಂದು ನಿಂತಿರುವುದನ್ನು ಕಂಡವರು ಅಲ್ಲಿ ಕೆಲಸ ನಿಂತಿದೆಯೆಂದು ಎಣಿಸಬಾರದು. ಅದರೊಳಗೆ ಒಬ್ಬ ಮನುಷ್ಯ ಎಚ್ಚರವಾಗಿ ಕುಳಿತು ಮತ್ತೊಬ್ಬರ ಬೆಳೆಯನ್ನು ಕಾಯುತ್ತಿದ್ದಾನೆ. ಓಡಿದ ದೂರದೊಡನೆ ಆ ಹೊತ್ತನ್ನೂ ಗಣನೆಗೆ ತಂದುಕೊಂಡಾಗಲೇ ಅವನ ಕೂಲಿ ನ್ಯಾಯವಾದ ಕೂಲಿಯಾಗುತ್ತದೆ.