ಕಾಣೆಯಾದವರಿಗಾಗಿ 24 ಗಂಟೆ ಕಾಯಬೇಕೆಂದು ಯಾವ ಕಾನೂನು ಹೇಳಿದೆ?

“ಒಂದಿನ ನೋಡ್ರಿ. ಬರ್ಲಿಲ್ಲಾಂದ್ರೆ ನಾಳೆ ಸ್ಟೇಷನ್ನಿಗೆ ಹೋಗಾಣ. ಇಪ್ಪತ್ನಾಕು ತಾಸು ಆಗ್ದೆ ಕಂಪ್ಲೇಂಟ್ ತಗಳಲ್ಲ.”

ಬಳ್ಳಾರಿಯ ಕೌಲ್ ಬಜಾರಾಗಲಿ, ಸಿರುಗುಪ್ಪದ ಭತ್ತದ ಸೀಮೆಯಾಗಲಿ, ಕುರುಗೋಡಿನ ಓಣಿಯಾಗಲಿ, ಮನೆಯವರೊಬ್ಬರು ಕಾಣದಾದರೆ ಸೇರಿದ ಜನರಲ್ಲಿ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ. ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಕೇಳಿದ ತಂದೆ-ತಾಯಿ ಮಾತ್ರ ನಂಬಿ ರಾತ್ರಿಯಿಡೀ ಬಾಗಿಲಲ್ಲಿ ಕೂರುತ್ತಾರೆ. ಪೊಲೀಸರ ಬಗ್ಗೆ ನಮ್ಮಲ್ಲಿ ಓಡಾಡುವ ಸುಳ್ಳುಗಳಲ್ಲಿ ಜೀವಕ್ಕೆ ನೇರವಾಗಿ ಎರವಾಗುವಂಥದ್ದು ಇದು. ಎಷ್ಟು ಸಲ ತಿದ್ದಿದರೂ ಸಾಯದ ಸುಳ್ಳು ಕೂಡ.

ಅಂಥ ನಿಯಮವೇ ಇಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇಲ್ಲ, ಅದರ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇರಲಿಲ್ಲ. ಕಾಣೆಯಾದವರು ಹದಿನೆಂಟರ ಒಳಗಿನವರಾದರೆ ಕಾನೂನು ಇನ್ನೂ ಬಿಗಿ. ಬಚ್‌ಪನ್ ಬಚಾವೋ ಆಂದೋಲನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಎಫ್‌ಐಆರ್ ಆಗಲೇಬೇಕು, ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ಶುರುವಾಗಬೇಕು. “ನೆಂಟರ ಮನೆಗೆ ಹೋಗಿರಬಹುದು” ಎಂಬ ಊಹೆಗೆ ಅಲ್ಲಿ ಜಾಗವಿಲ್ಲ. ಇಂಥ ಆದೇಶ ಏಕೆ ಬೇಕಾಯಿತೆಂದು ತಿಳಿಯಬೇಕಾದರೆ ನೊಯಿಡಾದ ನಿಠಾರಿಯನ್ನು ನೆನೆಯಬೇಕು. ಮಕ್ಕಳು ಕಾಣುತ್ತಿಲ್ಲವೆಂದು ಬಡ ತಂದೆ-ತಾಯಿಗಳು ಠಾಣೆಗೆ ಅಲೆಯುತ್ತಲೇ ಇದ್ದರು. 2006ರ ಡಿಸೆಂಬರಿನಲ್ಲಿ ಚರಂಡಿಯಿಂದ ಮಕ್ಕಳ ಎಲುಬುಗಳು ಹೊರಬಂದವು.

ಹಾಗಾದರೆ ಈ 24 ಎಲ್ಲಿಂದ ಬಂತು? ನಮ್ಮ ಕಾನೂನಿನಲ್ಲಿ ಆ ಸಂಖ್ಯೆ ಇದೆ, ಆದರೆ ತದ್ವಿರುದ್ಧ ಅರ್ಥದಲ್ಲಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಹೆತ್ತವರಿಂದ ಬೇರ್ಪಟ್ಟ ಮಗು ಸಿಕ್ಕಿದರೆ 24 ಗಂಟೆಯೊಳಗೆ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಎರಡು ಕಡೆಯೂ ಅದು ಮೀರಬಾರದ ಗಡುವು, ಬೇಗ ಮಾಡಿ ಎಂಬ ತಾಕೀತು. ತಡಮಾಡಿ ಎಂದು ಅದು ಯಾರಿಗೂ ಹೇಳಿಲ್ಲ. ನೊಂದ ಮನೆಯವರ ಕೈಕಟ್ಟಲು ಆ ಸಂಖ್ಯೆಯನ್ನು ಬಳಸುವುದು ಕಾನೂನನ್ನು ತಲೆಕೆಳಗು ಮಾಡಿದಂತೆ. ಕಾಯಿಸುವ ರೂಢಿ ಅಮೆರಿಕದ ಕೆಲವು ಠಾಣೆಗಳಲ್ಲಿ ನಿಜಕ್ಕೂ ಇತ್ತು. ಮಕ್ಕಳ ವಿಷಯದಲ್ಲಿ ಹಾಗೆ ಕಾಯಿಸಬಾರದೆಂದು ಅವರೇ 1990ರಲ್ಲಿ ಕಾಯ್ದೆ ಮಾಡಿ ನಿಲ್ಲಿಸಿದರು. ಅಲ್ಲಿ ಸತ್ತುಹೋದ ರೂಢಿಯನ್ನು ಸಿನಿಮಾ, ಧಾರಾವಾಹಿಗಳು ಇಲ್ಲಿ ಬದುಕಿಸಿಟ್ಟಿವೆ.

ಕಾಣೆಯಾದ ಮಕ್ಕಳಲ್ಲಿ ಹೆಚ್ಚಿನವರು ಮರಳಿ ಬರುತ್ತಾರೆ, ನಿಜ. ಬಾರದೆ ಹೋಗುವ ಮಗು ಯಾವುದೆಂದು ಮೊದಲ ತಾಸಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಪಹರಣವಾಗಿ ಕೊಲೆಯಾದ ಮಕ್ಕಳ ಪ್ರಕರಣಗಳನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಂಥ ಮಕ್ಕಳಲ್ಲಿ ಶೇ 76ರಷ್ಟು ಮಂದಿ ಮೂರೇ ಗಂಟೆಯೊಳಗೆ ಪ್ರಾಣ ಕಳೆದುಕೊಂಡಿದ್ದರು. ಇನ್ನು ಮರುದಿನದವರೆಗೆ ಕಾಯುವುದಕ್ಕೆ ಏನು ಅರ್ಥ?

ನಮ್ಮ ಸೀಮೆಯ ನಕ್ಷೆ ನೋಡಿದರೂ ಸಾಕು. ಸಿರುಗುಪ್ಪದಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಆಂಧ್ರದ ಗಡಿ ದಾಟಿ ಆದೋನಿಯ ದಾರಿ. ಬಳ್ಳಾರಿಯಿಂದ ಸುಮಾರು 50 ಕಿಲೊಮೀಟರಿಗೆ ಗುಂತಕಲ್ ಜಂಕ್ಷನ್. ಅಲ್ಲಿಂದ ಮುಂಬೈ, ಚೆನ್ನೈ, ಬೆಂಗಳೂರು, ಸಿಕಂದರಾಬಾದ್ ಯಾವ ದಿಕ್ಕಿಗೂ ರೈಲು. ಒಂದು ದಿನ ಕಾದರೆ ಹುಡುಕಬೇಕಾದ ಜಾಗ ಒಂದು ಊರಿನಿಂದ ಅರ್ಧ ದೇಶಕ್ಕೆ ಹಿಗ್ಗುತ್ತದೆ. ಆ ಹೊತ್ತಿಗೆ ಟಿಕೆಟ್ ಕೊಟ್ಟ ಕಂಡಕ್ಟರ್ ಡ್ಯೂಟಿ ಮುಗಿಸಿ ಮನೆ ಸೇರಿರುತ್ತಾರೆ, ನೂರಾರು ಮುಖಗಳ ನಡುವೆ ಆ ಮುಖ ಅವರಿಗೆ ಮರೆತಿರುತ್ತದೆ. ಮೊಬೈಲಿನ ಚಾರ್ಜ್ ಮುಗಿದು ಟವರ್ ಸುಳಿವು ನಿಂತಿರುತ್ತದೆ. ಎಚ್‌ಎಲ್‌ಸಿ, ಎಲ್‌ಎಲ್‌ಸಿ ಎಂಬ ತುಂಗಭದ್ರಾ ಕಾಲುವೆಗಳಲ್ಲಿ ನೀರು ಬಿಟ್ಟ ದಿನಗಳಲ್ಲಂತೂ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮರೆವಿನ ಕಾಯಿಲೆಯ ಅಜ್ಜ ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ದಾರಿ ತಪ್ಪಿ ನಡೆಯುತ್ತಿದ್ದರೆ ಅವರಿಗೆ 24 ಗಂಟೆ ಎಂಬುದು ಇಲ್ಲವೇ ಇಲ್ಲ.

ಈ ನಂಬಿಕೆ ಜನರ ತಲೆಯಲ್ಲಿ ತಾನಾಗಿ ಬೆಳೆದದ್ದಲ್ಲ. “ನೆಂಟ್ರ ಮನೇಲಿ ನೋಡ್ಕಂಡು ನಾಳೆ ಬರ್ರಿ” ಎಂದು ಠಾಣೆಯ ಬಾಗಿಲಲ್ಲೇ ಹೇಳಿಸಿಕೊಂಡು ವಾಪಸ್ ಬಂದವರೂ ಇದ್ದಾರೆ. ತರಬೇತಿಯ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆಯ 107ನೇ ಸೆಕ್ಷನ್ ಹೇಳುತ್ತದೆ. ಆದರೆ ಗಾಬರಿಬಿದ್ದ ತಾಯಿಗೆ ಮೊದಲು ಎದುರಾಗುವವರು ಆ ಅಧಿಕಾರಿಯಲ್ಲ, ಸೆಂಟ್ರಿ ಅಥವಾ ಠಾಣೆಯ ರೈಟರ್. ಕವಾಯತು, ಬಂದೂಕು, ಕಾನೂನಿನ ಪಾಠ ಎಲ್ಲ ತರಬೇತಿ ಶಾಲೆಯಲ್ಲಿ ಆಗುತ್ತವೆ. ಕೌಂಟರಿನ ಮುಂದೆ ಅಳುತ್ತಾ ನಿಂತವರಿಗೆ ಮೊದಲ ಹತ್ತು ನಿಮಿಷದಲ್ಲಿ ಏನು ಕೇಳಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ಬಸ್ ನಿಲ್ದಾಣಕ್ಕೆ ಫೋಟೊ ಕಳಿಸಬೇಕು ಎಂಬುದನ್ನು ಹಳೆಯ ಸಿಬ್ಬಂದಿಗೂ ಸೇರಿಸಿ ವರ್ಷ ವರ್ಷ ಕಲಿಸಬೇಕು. ಸಾಧನಗಳ ಕೊರತೆ ಎನ್ನುವಂತಿಲ್ಲ. 112 ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲವಿದೆ, ಮಿಷನ್ ವಾತ್ಸಲ್ಯ ಪೋರ್ಟಲ್ ಇದೆ, ರೈಲ್ವೆ ರಕ್ಷಣಾ ಪಡೆ ಇದೆ. ನಾಲ್ಕು ತಿಂಗಳಲ್ಲಿ ಮಗು ಸಿಗದಿದ್ದರೆ ತನಿಖೆ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕೆಂಬ ವ್ಯವಸ್ಥೆಯೂ ಇದೆ. ಇವೆಲ್ಲ ಚುರುಕಾಗಬೇಕಾದರೆ ಮೊದಲು ದೂರು ಬರಹಕ್ಕೆ ಇಳಿಯಬೇಕು.

ಇದರ ಜೊತೆಗೇ ಓಡಾಡುವ ಇನ್ನು ಕೆಲವು ತಪ್ಪು ಕಲ್ಪನೆಗಳಿಗೆ ಒಂದೊಂದು ಸಾಲು ಸಾಕು.

“ನಮ್ಮ ಹದ್ದಲ್ಲ, ಆ ಠಾಣೆಗೆ ಹೋಗಿ ಅಂದ್ರೆ ಹೋಗಲೇಬೇಕು.” ಇಲ್ಲ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಮಾಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ.

“ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕು.” ಒಂದು ಪೈಸೆಯೂ ಬೇಡ, ಉಚಿತ ಪ್ರತಿ ದೂರುದಾರರ ಹಕ್ಕು.

“ಠಾಣೆಯವರು ತಗೊಳ್ಳದಿದ್ದರೆ ಮುಗಿಯಿತು.” ಮುಗಿಯುವುದಿಲ್ಲ, ಅದೇ ಸೆಕ್ಷನ್ ಪ್ರಕಾರ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

“ದೊಡ್ಡವರು ಕಾಣೆಯಾದರೆ ಪೊಲೀಸರಿಗೆ ಸಂಬಂಧವಿಲ್ಲ.” ವಯಸ್ಕರ ನಾಪತ್ತೆಯೂ ದಾಖಲಾಗುತ್ತದೆ, ಅದಕ್ಕೂ ಕಾಯುವ ಅವಧಿ ಇಲ್ಲ.

“ಹುಡುಗಿ ವಿಷಯ, ದೂರು ಕೊಟ್ಟರೆ ಮರ್ಯಾದೆ ಹೋಗುತ್ತದೆ.” ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಪ್ರತಿ ಗಂಟೆಯೂ ಅವಳನ್ನು ಕರೆದೊಯ್ದವರಿಗೆ ಸಿಕ್ಕ ಅವಕಾಶ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ನಂಬಿಕೆಗಳು ಓಡುವ ದಿಕ್ಕು. ಮಗು ಕಾಣದಿದ್ದಾಗ ಠಾಣೆಗೆ ಹೋಗಲು ಹಿಂಜರಿಯುವವರು ಅಂಜನ ಹಾಕಿಸಲು ಕೂಡಲೇ ಹೊರಡುತ್ತಾರೆ. “ಮೂಡಣ ದಿಕ್ಕಿನಲ್ಲಿದ್ದಾನೆ” ಎಂದರೆ ನಂಬಿ ಅತ್ತ ಗಾಡಿ ಓಡಿಸುತ್ತಾರೆ. ಇನ್ನೊಂದು ಕಡೆ, ಮಕ್ಕಳ ಕಳ್ಳರ ಗುಂಪು ಊರಿಗೆ ಇಳಿದಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಒಂದು ಕ್ಷಣವೂ ಯೋಚಿಸದೆ ಹಂಚುತ್ತಾರೆ. 2018ರಲ್ಲಿ ಅದರ ಫಲ ಕಂಡಿದ್ದೇವೆ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಬಡಿದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ನೆಪವಾಗಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ತೆತ್ತರು. ಇಲ್ಲದ ಕಳ್ಳರನ್ನು ಹಿಡಿಯಲು ನಿಮಿಷವೂ ಕಾಯದ ನಾವು, ನಿಜವಾಗಿ ಕಳೆದ ಮಗುವಿಗಾಗಿ ಇಡೀ ದಿನ ಕಾಯುತ್ತೇವೆ. ಎರಡೂ ತಪ್ಪಿನ ಬೇರು ಒಂದೇ: ಯಾರು ಹೇಳಿದರು, ಎಲ್ಲಿ ಬರೆದಿದೆ ಎಂದು ಕೇಳುವ ಅಭ್ಯಾಸ ನಮಗಿಲ್ಲ.

ಬಳ್ಳಾರಿ ವಲಯದ ಪ್ರತಿ ಠಾಣೆಯ ಬಾಗಿಲಲ್ಲಿ ಒಂದು ಫಲಕ ಹಾಕಲು ಹೆಚ್ಚು ಖರ್ಚಾಗುವುದಿಲ್ಲ. “ಕಾಣೆಯಾದವರ ದೂರು ಕೊಡಲು ಕಾಯುವ ಅವಧಿ ಇಲ್ಲ” ಎಂಬ ಒಂದೇ ಸಾಲು. ಕನ್ನಡದ ಜೊತೆಗೆ, ಇಲ್ಲಿನವರು ಮನೆಯಲ್ಲಿ ಆಡುವ ತೆಲುಗು, ಉರ್ದುವಿನಲ್ಲೂ ಬರೆಸಬೇಕು. ಒಳಗೆ ಕೂತವರಿಗೂ ಅದು ದಿನವೂ ಕಣ್ಣಿಗೆ ಬೀಳಲಿ. ದೊಡ್ಡಬಸವೇಶ್ವರನ ತೇರಿನ ಗದ್ದಲದಲ್ಲಿ ಕೂಸು ಕೈತಪ್ಪಿದರೂ, ಶಾಲೆಗೆ ಹೋದ ಹುಡುಗಿ ಸಂಜೆಗೆ ಬಾರದಿದ್ದರೂ ಮೊದಲು 112ಕ್ಕೆ ಕರೆ ಮಾಡಿ, ಇತ್ತೀಚಿನ ಫೋಟೊ ಹಿಡಿದು ಹತ್ತಿರದ ಠಾಣೆಗೆ ನಡೆಯಿರಿ. ಕಾಯಲು ಹೇಳಿದವರು ಯಾರೇ ಆಗಿರಲಿ, ಯಾವ ಸೆಕ್ಷನ್ ಎಂದು ಕೇಳಿ. ಅವರಿಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅಂಥ ಸೆಕ್ಷನ್ ಇಲ್ಲ.