ಮಲ್ಲಯ್ಯನ ಗುಡ್ಡ ಇಳಿದ ಮೇಲೆ ಏನು ಉಳೀತದೆ?

ಹೋಳಿಯ ಬಣ್ಣ ಮೈಮೇಲಿಂದ ಪೂರ್ತಿ ಹೋಗಿರೋದಿಲ್ಲ, ಅಷ್ಟರಲ್ಲೇ ಪೇಟೆಯ ಅಂಗಡಿಗಳ ಗಲ್ಲಾದ ಮೇಲೆ ಮಗನೋ ಅಳಿಯನೋ ಕೂತಿರ್ತಾನೆ. ‘ಸಾಹುಕಾರ್ರು ಎಲ್ಲಿ?’ ಅಂತ ಕೇಳಿದರೆ ಒಂದೇ ಉತ್ತರ: ‘ಪಾದಯಾತ್ರಿ ಹೋಗ್ಯಾರ್ರಿ.’ ಗಿರಣಿಯಲ್ಲಿ ಹಿಟ್ಟು ಬೀಸುವವನಿಲ್ಲ. ಗ್ಯಾರೇಜಿನ ಹುಡುಗನಿಲ್ಲ. ದಲಾಲಿ ಅಂಗಡಿ ಹಮಾಲರಲ್ಲಿ ಅರ್ಧ ಮಂದಿ ನಾಪತ್ತೆ. ಎಲ್ಲರೂ ಶ್ರೀಶೈಲದ ದಾರಿ ಹಿಡಿದಿದ್ದಾರೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಊರೂರಿನಲ್ಲೂ ವರ್ಷಾ ವರ್ಷಾ ನಡೆಯುವ ಸಂಗತಿ ಇದು. ಇದರಲ್ಲಿ ಸುದ್ದಿ ಏನಿದೆ ಅಂತ ಓದುಗರು ಕೇಳಬಹುದು. ಸುದ್ದಿ ಇಲ್ಲ, ಒಂದು ಪ್ರಶ್ನೆ ಇದೆ. ಮಲ್ಲಯ್ಯನ ಗುಡ್ಡ ಏರಿದವನು ಬೇರೆ ಮನುಷ್ಯನಾಗಿ ಬರ್ತಾನೆ ಅಂತ ಹಿರಿಯರು ಹೇಳ್ತಾರೆ. ನಿಜವೇ? ನಿಜವಾದರೆ, ಎಷ್ಟು ದಿನ ಬೇರೆಯವನಾಗಿ ಉಳೀತಾನೆ?

ಹೋಗುವಾಗ ನಡಿಗೆ, ಬರುವಾಗ ಬಸ್ಸು

ಮೊದಲು ದಾರಿಯ ಲೆಕ್ಕ ನೋಡೋಣ. ನಮ್ಮ ಕಡೆಯಿಂದ ಶ್ರೀಶೈಲ ಹೆಚ್ಚು ಕಡಿಮೆ 400 ಕಿ.ಮೀ. ಇಳಕಲ್ಲು, ಲಿಂಗಸುಗೂರು ದಾಟಿ, ರಾಯಚೂರು ಇಲ್ಲವೆ ಮಂತ್ರಾಲಯದ ಕಡೆಯಿಂದ ಕರ್ನೂಲು, ಅಲ್ಲಿಂದ ಆತ್ಮಕೂರು. ದಿನಕ್ಕೆ 30–40 ಕಿ.ಮೀ. ನಡೆದರೆ ಹತ್ತು ಹನ್ನೆರಡು ದಿನದ ದಾರಿ. ಮಾರ್ಚ್ ಬಿಸಿಲು ಅಂದರೆ ಕೇಳಬೇಕೆ? ನಸುಕಿನಲ್ಲಿ ನಡೆಯೋದು, ನಡು ಮಧ್ಯಾಹ್ನ ಮರದ ನೆರಳು, ಹೊತ್ತು ಇಳಿದ ಮೇಲೆ ಮತ್ತೆ ನಡಿಗೆ. ಊರ ಕಂಬಿ ಹೆಗಲಿಂದ ಹೆಗಲಿಗೆ ದಾಟುತ್ತಾ ಹೋಗ್ತದೆ. ಕೆಲವರಂತೂ ಮರಗಾಲು ಕಟ್ಟಿಕೊಂಡೇ ನಡೀತಾರೆ!

ಆತ್ಮಕೂರು ದಾಟಿ ವೆಂಕಟಾಪುರದ ಹತ್ತಿರ ನಲ್ಲಮಲ ಅಡವಿ ಸುರು. ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮನಕೊಳ್ಳ. ಅಲ್ಲಿ ಕೊಳ್ಳಕ್ಕೆ ಇಳಿದು ಮತ್ತೆ ಕೈಲಾಸದ್ವಾರದವರೆಗೆ ಏರಬೇಕು. ಹನ್ನೊಂದು ದಿನ ‘ನಾನು ಗಟ್ಟಿ’ ಅಂತ ಎದೆ ಉಬ್ಬಿಸಿಕೊಂಡು ಬಂದವನೂ ಇಲ್ಲಿ ಪಕ್ಕದವನ ಹೆಗಲು ಹುಡುಕ್ತಾನೆ. ಶ್ರೀಶೈಲಕ್ಕೆ ಹೋಗುವವರಿಗೆಂದು ಮೆಟ್ಟಿಲು ಕಟ್ಟಿಸಿದ ಪುಣ್ಯ 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನಿಗೆ ಸಲ್ಲುತ್ತದೆ. ಈ ಅಡವಿಯೇ ಈಗ ದೇಶದ ಅತಿ ದೊಡ್ಡ ಹುಲಿ ಅಭಯಾರಣ್ಯ, ನಾಗಾರ್ಜುನಸಾಗರ–ಶ್ರೀಶೈಲ. ಚೆಂಚು ಜನ ಇಲ್ಲಿಯ ಮೂಲ ನಿವಾಸಿಗಳು. ಅವರಿಗೆ ಭ್ರಮರಾಂಬೆ ತಮ್ಮ ಕುಲದ ಮಗಳು. ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಆಕೆ ತವರಿನ ಮಗಳೇ.

ತಿರುಗಿ ಬರುವಾಗ? ಬಹುತೇಕ ಮಂದಿ ಸರ್ಕಾರಿ ವಿಶೇಷ ಬಸ್ಸು ಹತ್ತಿ ಒಂದು ರಾತ್ರಿಯಲ್ಲಿ ಊರು ಸೇರ್ತಾರೆ. ಹನ್ನೆರಡು ದಿನ ಕಲಿತದ್ದನ್ನು ಮರೆಯೋದಕ್ಕೆ ಒಂದು ರಾತ್ರಿ ಸಾಕೇ? ಇದೇ ಅಸಲು ವಿಷಯ.

ಹೆಸರು ಕಳೆಯುವ ದಾರಿ

ಒಬ್ಬನೇ ಬಸ್ಸಿನಲ್ಲಿ ಹೋಗಿ ಕಾಯಿ ಒಡೆಸಿಕೊಂಡು ಬಂದರೂ ದರ್ಶನ ಆಗ್ತದೆ. ತಂಡ ಕಟ್ಟಿಕೊಂಡು ನಡೆದಾಗ ಆಗೋದೇ ಬೇರೆ. ದಾರಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ದಾಸೋಹ ಇಟ್ಟಿರ್ತಾರೆ. ಮಜ್ಜಿಗೆ, ಅಂಬಲಿ, ರೊಟ್ಟಿ ಪಲ್ಯ, ಅನ್ನ ಸಾರು. ಕೊಡುವವರು ನಿಮ್ಮ ಜಾತಿ ಕೇಳೋದಿಲ್ಲ, ಅಂಗಡಿ ಎಷ್ಟು ದೊಡ್ಡದು ಅಂತ ಕೇಳೋದಿಲ್ಲ. ಊರಲ್ಲಿ ಹತ್ತು ಮಂದಿಗೆ ಕೊಟ್ಟೇ ರೂಢಿಯಾದ ಸಾಹುಕಾರ ಇಲ್ಲಿ ಗಂಗಾಳ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕೊಡೋದಕ್ಕಿಂತ ಕೈ ಚಾಚೋದು ಕಷ್ಟ ಸ್ವಾಮಿ. ಅದನ್ನು ಕಲಿಸೋದೇ ಈ ದಾರಿ.

ಪೇಟೆಯ ಕಿರಾಣಿ ಅಂಗಡಿಯವರೊಬ್ಬರು, ಹೆಸರು ಹಾಕಬ್ಯಾಡ್ರಿ ಅಂತ ಹೇಳಿಯೇ, ತಮ್ಮ ಅನುಭವ ಬಿಚ್ಚಿದರು:

‘ಆತ್ಮಕೂರು ಮುಟ್ಟೂದರಾಗ ಎರಡೂ ಪಾದಕ್ಕ ಗುಳ್ಳಿ ಎದ್ದಿದ್ವು. ಕುಂತ್ರ ಏಳಾಕ ಆಗವಲ್ದು. ನಮ್ಮ ಅಂಗಡಿ ಮುಂದ ಚೀಲ ಇಳಸೋ ಹಮಾಲ ಒಬ್ಬಾಂವ ಹಿಂದಿನ ತಂಡದಾಗ ಬಂದಿದ್ದ. ಸುಮ್ಮನ ನನ್ನ ಕಾಲ ತನ್ನ ತೊಡಿ ಮ್ಯಾಲ ಇಟ್ಕೊಂಡು ಎಣ್ಣಿ ಹಚ್ಚಿ ತಿಕ್ಕಿದ. ಹನ್ನೆರಡು ವರ್ಷದಿಂದ ಅವನ್ನ ನಾ “ಲೇ” ಅಂತನ ಕರದಿದ್ದೆ. ಅವತ್ತು ಅಂವಾ ನನಗ ಸಾಹುಕಾರ್ರ ಅನ್ನಲಿಲ್ಲ. “ಮಲ್ಲಯ್ಯಾ, ಕಾಲ ಸಡಲ ಬಿಡು” ಅಂದ.’

ಹಾಗಾದರೆ ಅವನ ಉದ್ರಿ ಬಾಕಿ ಮಾಫಿ ಮಾಡಿದಿರೇನು ಅಂತ ಕೇಳಿದೆ.

‘ಇಲ್ರಿ. ಬಾಕಿ ಬಾಕೀನ. ತಿಂಗಳಾ ಇಷ್ಟಿಷ್ಟು ಕಡಕೋತೇನಿ. ಆದ್ರ ಬಾಯಾಗ “ಲೇ” ಬರವಲ್ದು. ಮತ್ತ ಇನ್ನೊಂದು. ತಕ್ಕಡಿ ಹಿಡದಾಗ ಬಟ್ಟ ಹಚ್ಚೂಣು ಅಂತ ಮನಸ್ಸು ಬಂದ್ರ, ಆ ಎಣ್ಣಿ ಕೈ ನೆನಪಾಗ್ತೈತಿ.’

ಈ ಮಾತು ಕೇಳಿದ ಮೇಲೆ ಗುಡ್ಡದ ಮಹಿಮೆ ಬಗ್ಗೆ ಬೇರೆ ಪುರಾಣ ಬೇಕಿಲ್ಲ ಅನ್ನಿಸಿತು. ಉದ್ರಿ ಪುಸ್ತಕ ಸುಟ್ಟರೆ ಅದು ನಾಟಕ. ತಕ್ಕಡಿ ಸರಿಯಾದರೆ ಅದು ಯಾತ್ರೆ.

ಸಿದ್ಧರಾಮ ತಿರುಗಿ ಬಂದ

ಈ ದಾರಿ ಹಳೇದು. 12ನೇ ಶತಮಾನದಲ್ಲಿ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣ ಕಂಡು, ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತಾ ಇದೇ ಶ್ರೀಶೈಲದ ಕದಳಿಗೆ ಬಂದಳು. ಆಕೆ ಹೋದವಳು ಹೋದಳು, ತಿರುಗಿ ಬರಲಿಲ್ಲ. ಅದು ನಮ್ಮ ನಿಮ್ಮಂಥವರ ಕೈಯಲ್ಲಾಗುವ ಮಾತಲ್ಲ.

ಸಂಸಾರಸ್ಥರು ನೋಡಬೇಕಾದ್ದು ಸೊನ್ನಲಿಗೆಯ ಸಿದ್ಧರಾಮನ ಕತೆ. ಸೊನ್ನಲಿಗೆ ಅಂದರೆ ಇಂದಿನ ಸೊಲ್ಲಾಪುರ. ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಕತೆ ಹೇಳಿದ್ದಾನೆ. ದನ ಕಾಯುವ ಹುಡುಗನ ಮುಂದೆ ಮಲ್ಲಯ್ಯ ಜಂಗಮನಾಗಿ ಬಂದು ಉಣ್ಣೋದಕ್ಕೆ ಕೇಳಿದ. ಹುಡುಗ ಮನೆಯಿಂದ ತರೋದರೊಳಗೆ ಮಾಯ! ‘ಮಲ್ಲಯ್ಯಾ, ಮಲ್ಲಯ್ಯಾ’ ಅಂತ ಅಳುತ್ತಾ ಹುಡುಗ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಗುಂಪು ಸೇರಿಕೊಂಡ. ಅಲ್ಲಿಯೂ ಕಾಣದಿದ್ದಾಗ ಕಮರಿಗೆ ಹಾರಲು ನಿಂತ. ಆಗ ಮಲ್ಲಯ್ಯ ಕೈ ಹಿಡಿದ. ಹಿಡಿದು ಇಲ್ಲೇ ಇರು ಅನ್ನಲಿಲ್ಲ, ಊರಿಗೆ ಕಳಿಸಿದ. ಸಿದ್ಧರಾಮ ತಿರುಗಿ ಬಂದು ಏನು ಮಾಡಿದ? ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ. ಸೊಲ್ಲಾಪುರಕ್ಕೆ ಹೋದವರು ಆ ಕೆರೆಯನ್ನು ಇವತ್ತಿಗೂ ನೋಡಬಹುದು.

ಗುಡ್ಡದಲ್ಲಿ ಕಂಡದ್ದಕ್ಕೆ ಊರಲ್ಲಿ ತೋಡಿದ ಕೆರೆಯೇ ಸಾಕ್ಷಿ.

ಬಾಗಿಲಲ್ಲೇ ಎಡವಿದರೆ?

ಅಷ್ಟು ದೂರ ನಡೆದೂ ಸಿಟ್ಟು ನಡೆಯದೆ ಹಾಗೇ ಉಳಿದದ್ದುಂಟು. 2022ರ ಮಾರ್ಚ್ ಕೊನೆಗೆ, ಯುಗಾದಿ ಇನ್ನು ಎರಡು ಮೂರು ದಿನ ಇರುವಾಗ, ಶ್ರೀಶೈಲದಲ್ಲೇ ಚಹಾ ಅಂಗಡಿಯೊಂದರ ಮುಂದೆ ಕನ್ನಡದ ಯಾತ್ರಿಕರಿಗೂ ಅಲ್ಲಿಯವರಿಗೂ ಜಗಳ ಹತ್ತಿತು. ನಮ್ಮ ಕಡೆಯ ಭಕ್ತರೊಬ್ಬರಿಗೆ ಬಲವಾದ ಪೆಟ್ಟು ಬಿತ್ತು. ಆಮೇಲೆ ಅಂಗಡಿಗಳು, ಗಾಡಿಗಳು ಜಖಂ ಆದವು. ಯಾರದು ತಪ್ಪು ಅನ್ನೋದು ಪೊಲೀಸರ ಕೆಲಸ. ಆದರೆ ಒಂದು ಮಾತು ಕೇಳಲೇಬೇಕು. ನಾಲ್ಕು ನೂರು ಕಿ.ಮೀ. ದಾರಿಯಲ್ಲಿ ಗುರುತಿಲ್ಲದವರ ಕೈಯಿಂದ ಅನ್ನ ನೀರು ಉಂಡವರು, ಗುರುತಿಲ್ಲದವರ ಅಂಗಡಿಯ ಗಾಜು ಒಡೆಯುವ ಮಟ್ಟಕ್ಕೆ ಬಂದದ್ದು ಹೇಗೆ? ಗುಂಪು ಎತ್ತುತ್ತದೆ, ಗುಂಪೇ ಬೀಳಿಸುತ್ತದೆ. ತಂಡದಲ್ಲಿ ಒಬ್ಬ ಹಿರಿಯ ‘ಬಿಡ್ರೆಪ್ಪಾ’ ಅಂದರೆ ನಿಲ್ಲುವ ಜಗಳ, ಹತ್ತು ಮಂದಿ ‘ಹಿಡೀರಿ’ ಅಂದರೆ ಊರು ಸುಡ್ತದೆ.

ಅಡವಿಯ ಕತೆಯೂ ಅಷ್ಟೇ. ಹುಲಿ ತಿರುಗುವ ಜಾಗದಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆದು ಮನಸ್ಸು ತೊಳೆದುಕೊಂಡೆ ಅಂದರೆ ಮಲ್ಲಯ್ಯ ನಂಬ್ತಾನೆಯೇ?

ಐದೇಶಿ ಆದ ಮೇಲೆ

ಕಂಬಿ ಊರಿಗೆ ತಿರುಗಿ ಬಂದ ಮೇಲೆ ಐದೇಶಿ. ಊರಿಗೆಲ್ಲ ಊಟ, ಭಜನೆ, ಸಂಭ್ರಮ. ಯಾತ್ರೆ ಮುಗೀತು ಅಂತ ಎಲ್ಲರೂ ಕೈ ತೊಳೀತಾರೆ. ನಿಜವಾಗಿ ಸುರು ಆಗೋದು ಅಲ್ಲಿಂದಲೇ.

ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ತಾಯಿಯೊಬ್ಬರು ಇದನ್ನು ಎರಡೇ ಮಾತಿನಲ್ಲಿ ಹೇಳಿಬಿಟ್ಟರು. ‘ನಮ್ಮನಿಯವ್ರು ಪಾದಯಾತ್ರಿ ಹೊಂಟ್ರ ಹದಿನೈದು ದಿನ ಕುಡಿಯೂದಿಲ್ರಿ. ನನಗ ಹದಿನಾರನೇ ದಿನದ್ದ ಚಿಂತಿ.’ ಕಳೆದ ವರ್ಷ ಏನಾಯ್ತು ತಾಯಿ ಅಂತ ಕೇಳಿದ್ದಕ್ಕೆ, ‘ಎರಡು ತಿಂಗಳ ತಡದ್ರು. ಮೊದಲ ಎರಡ ದಿನ ತಡೀತಿದ್ದಿಲ್ಲ’ ಅಂದರು. ದೂರು ಅಂತ ತಿಳಿದರೆ ದೂರು, ಹರಕೆ ಅಂತ ತಿಳಿದರೆ ಹರಕೆ.

ಎರಡು ದಿನದಿಂದ ಎರಡು ತಿಂಗಳು. ಮನುಷ್ಯ ಬದಲಾಗೋದು ಹೀಗೇ ಇರಬೇಕು. ಒಂದೇ ಏರಿಗೆ ಶಿಖರ ಮುಟ್ಟುವವರು ಅಕ್ಕನಂಥವರು. ಉಳಿದವರದ್ದು ಭೀಮನಕೊಳ್ಳದ ದಾರಿ, ಇಳಿಯೋದು, ಏರೋದು, ನಡುವೆ ಕೂತು ಉಸಿರು ಬಿಡೋದು. ಹೆಗಲು ಕೊಡುವವರು ಪಕ್ಕದಲ್ಲಿದ್ದರೆ ಮತ್ತೆ ಏಳೋದು. ತಂಡದ ಗೆಳೆಯರು ಗುಡ್ಡದಲ್ಲಿ ಕೊಟ್ಟ ಹೆಗಲನ್ನು ಊರಲ್ಲೂ ಕೊಟ್ಟರೆ, ಸಾರಾಯಿ ಅಂಗಡಿ ದಾರಿಗೆ ಹೊರಳಿದವನ ಕೈ ಹಿಡಿದು ‘ಮಲ್ಲಯ್ಯಾ, ಇತ್ತ ಬಾ’ ಅಂದರೆ, ಎರಡು ತಿಂಗಳು ಎರಡು ವರ್ಷ ಆದೀತು.

ಮುಂದಿನ ಹೋಳಿಗೆ ಮತ್ತೆ ಗಲ್ಲಾದ ಮೇಲೆ ಮಗ ಕೂತಿರ್ತಾನೆ. ಗಿರಾಕಿಗಳಲ್ಲಿ ಒಂದು ವಿನಂತಿ. ಸಾಹುಕಾರರು ತಿರುಗಿ ಬಂದ ಮೇಲೆ ಪ್ರಸಾದ ಇಸಿದುಕೊಳ್ಳಿ. ಹಾಗೇ ತಕ್ಕಡಿಯ ಮೇಲೂ ಒಂದು ಕಣ್ಣಿರಲಿ!